ಜಕ್ಕೂರು ಮೈದಾನದ ಸ್ವಸ್ಥತಾ ಕೂಟ

2005ರ ಜನವರಿ 21ರಿಂದ 23ರವರೆಗೆ ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಲ್ಲಿ ಅಮೆರಿಕದ ಸುವಾರ್ತಿಕ ಬೆನ್ನಿ ಹಿನ್ ಸ್ವಸ್ಥತಾ ಕೂಟ ನಡೆಸಿದರು. ಕೂಟ ಶುರುವಾಗುವ ಮೊದಲೇ ಅದರ ಸುತ್ತ ಜಗಳ ಶುರುವಾಗಿತ್ತು. ರೋಗ ವಾಸಿಮಾಡುವ ಹೆಸರಿನಲ್ಲಿ ಮತಾಂತರ ನಡೆಯಲಿದೆ ಎಂದು ಭಾರತೀಯ ಜನತಾ ಪಕ್ಷ, ವಿಶ್ವ ಹಿಂದೂ ಪರಿಷತ್ತು, ಬಜರಂಗದಳ ಬೀದಿಗಿಳಿದವು. ಇದು ಬರೀ ಪ್ರಾರ್ಥನೆ, ಯಾರನ್ನೂ ಯಾವ ಮತಕ್ಕೂ ಸೇರಿಸುವುದಿಲ್ಲ ಎಂದು ಕೂಟದವರು ಹೇಳಿದರು. ಆಗ ಕಾಂಗ್ರೆಸ್ ಮತ್ತು ಜನತಾದಳದ ಕೂಡು ಸರ್ಕಾರವಿತ್ತು, ಮುಖ್ಯಮಂತ್ರಿ ಎನ್. ಧರಂ ಸಿಂಗ್ ತಾವೇ ಕೂಟಕ್ಕೆ ಹೋದದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಪ್ರತಿಭಟನೆ ಕೆಲವು ಕಡೆ ಕಲ್ಲು ತೂರಾಟಕ್ಕೂ ತಿರುಗಿತು. ಜಕ್ಕೂರಿನ ಬಯಲು ಪೈಲಟ್‌ಗಳಿಗೆ ತರಬೇತಿ ಕೊಡುವ ಸರ್ಕಾರಿ ಶಾಲೆಯದು. ಪುಟ್ಟ ವಿಮಾನಗಳು ಏರಿಳಿಯುವ ಆ ಜಾಗ ಮೂರು ದಿನ ರೋಗಿಗಳಿಂದ, ಅವರ ಕೈ ಹಿಡಿದು ಬಂದ ಮನೆಯವರಿಂದ, ಅವರನ್ನು ಕಾಯುವ ಪೊಲೀಸರಿಂದ ತುಂಬಿತ್ತು.

ಬೆನ್ನಿ ಹಿನ್ ಹುಟ್ಟಿದ್ದು 1952ರ ಡಿಸೆಂಬರ್ 3ರಂದು, ಇಸ್ರೇಲಿನ ಜಾಫಾ ಪಟ್ಟಣದ ಗ್ರೀಕ್ ಆರ್ಥೊಡಾಕ್ಸ್ ಮನೆಯಲ್ಲಿ. 1967ರ ಯುದ್ಧವಾದ ಮೇಲೆ ಆ ಕುಟುಂಬ ಕೆನಡಾದ ಟೊರಾಂಟೊಗೆ ವಲಸೆ ಹೋಯಿತು. 1973ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಕ್ಯಾಥ್ರಿನ್ ಕುಲ್ಮನ್ ಎಂಬ ಬೋಧಕಿಯ ಸ್ವಸ್ಥತಾ ಸಭೆಗೆ ಹೋದದ್ದೇ ತಮ್ಮ ಬದುಕಿನ ತಿರುವು ಎಂದು ಹಿನ್ ಹೇಳಿಕೊಂಡಿದ್ದಾರೆ. 1983ರಲ್ಲಿ ಫ್ಲಾರಿಡಾದ ಒರ್ಲಾಂಡೊದಲ್ಲಿ ಸ್ವಂತ ಸಭೆ ಕಟ್ಟಿದರು. ಆಮೇಲೆ ಟೆಲಿವಿಷನ್ ಅವರನ್ನು ದೇಶದೇಶಕ್ಕೆ ಮುಟ್ಟಿಸಿತು. ಬೆಂಗಳೂರಿಗೆ ಬರುವ ಹಿಂದಿನ ವರ್ಷ ಮುಂಬಯಿಯಲ್ಲೂ ಅವರ ಕೂಟ ನಡೆದಿತ್ತು.

ಪ್ರಾರ್ಥನೆಯಿಂದ ಮೈ ನೆಟ್ಟಗಾಗುತ್ತದೆ ಎಂಬ ನಂಬಿಕೆಯನ್ನು ಯಾರೂ ಅಮೆರಿಕದಿಂದ ಇಲ್ಲಿಗೆ ಹೊತ್ತು ತರಬೇಕಾಗಿರಲಿಲ್ಲ. ಬೆಂಗಳೂರಿನ ಆಚೆಯ ಚನ್ನಪಟ್ಟಣ, ಕನಕಪುರ, ಮಾಗಡಿಯ ಸೀಮೆಯಲ್ಲಿ ಸಿಡುಬನ್ನೇ ‘ಅಮ್ಮ’ ಎಂದು ಕರೆದು ಮಾರಮ್ಮನಿಗೆ ತಂಪು ಮಾಡಿದ ತಲೆಮಾರುಗಳಿದ್ದವು. ಬೆಚ್ಚಿದ ಮಗುವಿಗೆ ಮಂತ್ರಿಸಿದ ದಾರ, ಬಿಡದ ಜ್ವರಕ್ಕೆ ದರ್ಗಾದ ತಾಯತ, ಹೆತ್ತವಳಿಗೆ ಮನೆದೇವರ ಹರಕೆ. ಇದರಲ್ಲಿ ಜಾತಿ ಮತದ ಗೆರೆ ಅಷ್ಟು ಬಿಗಿಯಾಗಿರಲಿಲ್ಲ. ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಗುರುವಾರ ಮೇಣದ ಬತ್ತಿ ಹಚ್ಚಲು ಬರುವವರಲ್ಲಿ, ಸೆಪ್ಟೆಂಬರಿನಲ್ಲಿ ಶಿವಾಜಿನಗರದ ಮರಿಯಮ್ಮನ ಹಬ್ಬಕ್ಕೆ ನಡೆದುಬರುವವರಲ್ಲಿ ಕ್ರೈಸ್ತರಲ್ಲದವರು ಬಹಳ. ಅವರನ್ನು ಯಾರೂ ತಡೆಯುವುದಿಲ್ಲ, ಅವರು ಮತ ಬಿಟ್ಟರೆಂದು ಊರಿನವರೂ ಎಣಿಸುವುದಿಲ್ಲ. ಕಾಯಿಲೆ ಬಿದ್ದವನ ಮನೆಯವರು ಎಲ್ಲ ಬಾಗಿಲೂ ತಟ್ಟುತ್ತಾರೆ, ಆಸ್ಪತ್ರೆಯದನ್ನೂ ಸೇರಿಸಿ.

ಹಿನ್ ಅವರ ಪರಂಪರೆ ಬೇರೆ. ಅದು ಪೆಂತೆಕೋಸ್ತ್ ಪಂಥದ್ದು. ಪವಿತ್ರಾತ್ಮನ ಇಳಿತ, ಅನ್ಯಭಾಷೆಯ ನುಡಿ, ಕೈಯಿಟ್ಟು ಗುಣಪಡಿಸುವುದು, ಇವು ಯೇಸುವಿನ ಶಿಷ್ಯರ ಕಾಲಕ್ಕೇ ಮುಗಿಯಲಿಲ್ಲ, ಇಂದಿಗೂ ನಡೆಯುತ್ತವೆ ಎನ್ನುವುದು ಅದರ ತಿರುಳು. 1906ರಲ್ಲಿ ಲಾಸ್ ಏಂಜಲೀಸಿನ ಅಜುಸಾ ಬೀದಿಯಲ್ಲಿ ಕಪ್ಪು ಜನಾಂಗದ ಬೋಧಕ ವಿಲಿಯಂ ಸೆಮೋರ್ ನಡೆಸಿದ ಉಜ್ಜೀವನ ಕೂಟಗಳಿಂದ ಇದು ಹುಟ್ಟಿತೆಂದು ಸಾಮಾನ್ಯವಾಗಿ ಬರೆಯುತ್ತಾರೆ. ಆದರೆ ಅದಕ್ಕೆ ಒಂದು ವರ್ಷ ಮೊದಲೇ, 1905ರಲ್ಲಿ, ಪುಣೆ ಬಳಿಯ ಕೇಡಗಾಂವಿನ ಮುಕ್ತಿ ಮಿಷನ್ನಿನಲ್ಲಿ ಅಂಥದೇ ಉಜ್ಜೀವನ ಆಗಿತ್ತು. ಆ ಆಶ್ರಮ ಕಟ್ಟಿದವರು ಪಂಡಿತಾ ರಮಾಬಾಯಿ, 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಸಂಸ್ಕೃತ ವಿದುಷಿ. ಪೆಂತೆಕೋಸ್ತ್ ಪಂಥ ಪೂರಾ ಹೊರಗಿನ ಸರಕು ಎನ್ನುವವರು ಈ ಗಂಗಾಮೂಲದ ಮಗಳನ್ನು ಮರೆತಿರುತ್ತಾರೆ. ಮುಂದೆ ದಕ್ಷಿಣ ಭಾರತದಲ್ಲಿ ಇಂಥ ಕೂಟಗಳಿಗೆ ದೊಡ್ಡ ಹೆಸರು ತಂದವರು ಚೆನ್ನೈನ ಡಿ.ಜಿ.ಎಸ್. ದಿನಕರನ್. ಬ್ಯಾಂಕಿನ ಉದ್ಯೋಗಿಯಾಗಿದ್ದ ಅವರು ‘ಯೇಸು ಕರೆಯುತ್ತಾನೆ’ ಎಂಬ ಸಂಸ್ಥೆ ಕಟ್ಟಿ 2008ರವರೆಗೆ, ಸಾಯುವ ತನಕ, ಊರೂರಿನ ಮೈದಾನಗಳಲ್ಲಿ ಪ್ರಾರ್ಥಿಸಿದರು.

ದೊಡ್ಡ ಮೈದಾನದ ಸ್ವಸ್ಥತಾ ಕೂಟಕ್ಕೆ ತನ್ನದೇ ಒಂದು ಕಟ್ಟು ಇದೆ. ಮೊದಲು ಬಹಳ ಹೊತ್ತು ಹಾಡು. ಒಂದೇ ಪಲ್ಲವಿ ಮತ್ತೆ ಮತ್ತೆ ಬರುತ್ತದೆ, ಜನ ಕೈಯೆತ್ತಿ ನಿಲ್ಲುತ್ತಾರೆ, ಕಣ್ಣೀರು ಬರುತ್ತದೆ. ಆಮೇಲೆ ಬೋಧನೆ, ನಡುವೆ ಕಾಣಿಕೆ. ಕೊನೆಗೆ ಬೋಧಕ, ಇಂಥ ಕಡೆ ಕೂತಿರುವ ಒಬ್ಬರ ಬೆನ್ನುನೋವು ಈಗ ಹೋಯಿತು, ಇನ್ನೊಬ್ಬರ ಕಿವಿ ತೆರೆಯಿತು ಎಂದು ಕೂಗಿ ಹೇಳುತ್ತಾನೆ. ಸಾವಿರಾರು ಜನರಲ್ಲಿ ಬೆನ್ನುನೋವಿನವರು ನೂರಾರು ಇರುತ್ತಾರೆ. ಮಾತು ಯಾರಿಗಾದರೂ ತಾಗಿಯೇ ತಾಗುತ್ತದೆ. ತಮಗೆ ಗುಣವಾಯಿತು ಎಂದವರನ್ನು ಸ್ವಯಂಸೇವಕರು ವಿಚಾರಿಸಿ, ಆರಿಸಿ, ವೇದಿಕೆಗೆ ಹತ್ತಿಸುತ್ತಾರೆ. ಅಲ್ಲಿ ಅವರು ಸಾಕ್ಷಿ ಹೇಳುತ್ತಾರೆ. ಬೋಧಕ ಹಣೆ ಮುಟ್ಟಿದೊಡನೆ ಹಿಂದಕ್ಕೆ ಬೀಳುತ್ತಾರೆ. ಹಿಡಿಯಲು ಬೆನ್ನ ಹಿಂದೆ ಇಬ್ಬರು ಸಿದ್ಧರಿರುತ್ತಾರೆ. ಹಿನ್ ಅವರ ಕೂಟಗಳಲ್ಲಿ ಮುಟ್ಟುವುದೂ ಬೇಕಿಲ್ಲ, ಊದಿದರೆ ಅಥವಾ ಕೋಟು ಬೀಸಿದರೆ ಸಾಲುಸಾಲಾಗಿ ಬೀಳುವುದನ್ನು ಟೆಲಿವಿಷನ್ನಿನಲ್ಲಿ ಲೋಕವೇ ನೋಡಿದೆ.

ಬೀಳುವವರೆಲ್ಲ ನಟರು ಎನ್ನುವುದು ತಪ್ಪು. ಮನಸ್ಸು ಬಿಗಿದು ಕಾದಿರುವಾಗ ನೋವು ನಿಜವಾಗಿಯೂ ತಗ್ಗುತ್ತದೆ. ಯುದ್ಧದಲ್ಲಿ ಗಾಯಗೊಂಡ ಸೈನಿಕನಿಗೆ ಒಂದಷ್ಟು ಹೊತ್ತು ನೋವು ತಿಳಿಯುವುದಿಲ್ಲ. ಕೊಂಡ ಹಾಯುವವನ ಸ್ಥಿತಿಯೂ ಸುಮಾರು ಅದೇ. ಕೀಲುನೋವು, ಉಬ್ಬಸ, ಮೈಗ್ರೇನ್ ತಲೆನೋವುಗಳಿಗೆ ಏರಿಳಿತ ಸಹಜ. ಜಾಸ್ತಿಯಾದಾಗಲೇ ಜನ ಪ್ರಾರ್ಥನೆಗೆ ಹೋಗುವುದರಿಂದ, ಮುಂದಿನ ವಾರ ತಾನಾಗಿ ಇಳಿದದ್ದು ಪ್ರಾರ್ಥನೆಯ ಲೆಕ್ಕಕ್ಕೆ ಸೇರುತ್ತದೆ. ಮನಸ್ಸಿನ ಆಘಾತದಿಂದ ಕೈಕಾಲು ಬಿದ್ದವರು, ದನಿ ಹೋದವರು ಒಂದು ಗಳಿಗೆಯಲ್ಲಿ ಚೇತರಿಸಿಕೊಂಡದ್ದು ವೈದ್ಯರಿಗೂ ಗೊತ್ತಿರುವ ಸಂಗತಿ. ಕತ್ತರಿಸಿದ ಕಾಲು ಮತ್ತೆ ಬೆಳೆದದ್ದನ್ನು ಮಾತ್ರ ಯಾವ ವೈದ್ಯನೂ ದಾಖಲಿಸಿಲ್ಲ.

ಹಾಗಾಗಿ ನಿಜವಾದ ಪ್ರಶ್ನೆ ವೇದಿಕೆಯ ಮೇಲೆ ಏನಾಯಿತು ಎಂಬುದಲ್ಲ, ಮನೆಗೆ ಹೋದ ಮೇಲೆ ಏನಾಯಿತು ಎಂಬುದು. ಇದನ್ನು ತಾಳ್ಮೆಯಿಂದ ಹುಡುಕಿದವರು ಕಡಿಮೆ. ವಿಲಿಯಂ ನೋಲನ್ ಎಂಬ ಅಮೆರಿಕದ ಶಸ್ತ್ರವೈದ್ಯರು ಕುಲ್ಮನ್ ಅವರ ಒಂದು ಸಭೆಯಲ್ಲಿ ಗುಣವಾಯಿತು ಎಂದ 23 ಜನರನ್ನು ಹಿಂಬಾಲಿಸಿ 1974ರಲ್ಲಿ ಪುಸ್ತಕ ಬರೆದರು. ಒಬ್ಬರಿಗೂ ದೇಹದ ಕಾಯಿಲೆ ವಾಸಿಯಾಗಿರಲಿಲ್ಲ. ಬೆನ್ನುಮೂಳೆಯ ಕ್ಯಾನ್ಸರ್ ಇದ್ದ ಒಬ್ಬ ಹೆಣ್ಣುಮಗಳು ವೇದಿಕೆಯ ಮೇಲೆ ಬೆನ್ನಿನ ಪಟ್ಟಿ ಕಿತ್ತೆಸೆದು ಓಡಿದ್ದಳು. ಮಾರನೆಯ ದಿನವೇ ಮೂಳೆ ಕುಸಿಯಿತು, ನಾಲ್ಕು ತಿಂಗಳಿಗೆ ಆಕೆ ತೀರಿಕೊಂಡಳು. ಹಿನ್ ಅವರ ವಿಷಯದಲ್ಲೂ ಇಂಥ ಹುಡುಕಾಟ ನಡೆದಿದೆ. ಆಂಟನಿ ಥಾಮಸ್ ಎಂಬ ನಿರ್ದೇಶಕ ಹಿನ್ ಮತ್ತು ರೈನಾರ್ಡ್ ಬಾಂಕೆ ಎಂಬ ಮತ್ತೊಬ್ಬ ಬೋಧಕರ ಕೂಟಗಳ ಬಗ್ಗೆ ತೆಗೆದ ಸಾಕ್ಷ್ಯಚಿತ್ರ 2001ರಲ್ಲಿ ಅಮೆರಿಕದಲ್ಲಿ ಪ್ರಸಾರವಾಯಿತು. ಹಿನ್ ಅವರ ಕಡೆಯವರೇ ಒಳಗೆ ಬಿಟ್ಟುಕೊಂಡು ಚಿತ್ರೀಕರಣಕ್ಕೆ ಅವಕಾಶ ಕೊಟ್ಟಿದ್ದರು, ಅದು ಅವರ ದೊಡ್ಡತನವೇ. ಏಳು ಪ್ರಕರಣಗಳನ್ನು ಒಂದು ವರ್ಷ ಹಿಂಬಾಲಿಸಿದ ಥಾಮಸ್, ನಿಜಕ್ಕೂ ವಾಸಿಯಾದ ಒಬ್ಬರೂ ತಮಗೆ ಸಿಗಲಿಲ್ಲ ಎಂದರು.

ಎಲ್ಲ ಬೋಧಕರನ್ನೂ ಒಂದೇ ಹಗ್ಗದಲ್ಲಿ ಕಟ್ಟುವಂತಿಲ್ಲ. ನಂಬಿಕೆಯಿಂದ ಪ್ರಾರ್ಥಿಸುವವರು ಬೇರೆ, ಹೂಟ ಹೂಡುವವರು ಬೇರೆ. ಹೂಟದ ಅತಿ ಪ್ರಸಿದ್ಧ ಉದಾಹರಣೆ ಪೀಟರ್ ಪಾಪಾಫ್ ಎಂಬ ಅಮೆರಿಕದ ಬೋಧಕನದು. ಸಭೆಯಲ್ಲಿ ಕೂತವರ ಹೆಸರು, ಮನೆ ವಿಳಾಸ, ಕಾಯಿಲೆ ಎಲ್ಲವನ್ನೂ ಆತ ದೇವರೇ ಹೇಳಿದಂತೆ ಹೇಳುತ್ತಿದ್ದ. 1986ರಲ್ಲಿ ಜಾದೂಗಾರ ಜೇಮ್ಸ್ ರಾಂಡಿಯ ತಂಡ ರೇಡಿಯೋ ಅಲೆಗಳನ್ನು ಜಾಲಾಡುವ ಯಂತ್ರ ಹಿಡಿದು ಸಭೆಗೆ ಹೋಯಿತು. 39.17 ಮೆಗಾಹರ್ಟ್ಸ್‌ನಲ್ಲಿ ಒಂದು ಹೆಣ್ಣುದನಿ ಸಿಕ್ಕಿತು. ಅದು ಬೋಧಕನ ಹೆಂಡತಿಯದು. ಜನ ಮೊದಲೇ ತುಂಬಿಕೊಟ್ಟ ಪ್ರಾರ್ಥನಾ ಚೀಟಿಗಳನ್ನು ಆಕೆ ಓದುತ್ತಿದ್ದಳು, ಗಂಡನ ಕಿವಿಯೊಳಗಿನ ಸಣ್ಣ ಸಲಕರಣೆ ಅದನ್ನು ಕೇಳಿಸುತ್ತಿತ್ತು. ಆ ಧ್ವನಿಮುದ್ರಣ ಟೆಲಿವಿಷನ್ನಿನಲ್ಲಿ ಬಂತು, ಮರುವರ್ಷ ಪಾಪಾಫ್ ದಿವಾಳಿ ಘೋಷಿಸಿದ. ಹಿನ್ ಅವರ ಮೇಲೆ ಇಂಥ ಕಿವಿಯಂತ್ರದ ಆರೋಪ ಸಾಬೀತಾಗಿಲ್ಲ. ಅವರ ಮೇಲಿನ ಆಕ್ಷೇಪಗಳು ಮುಖ್ಯವಾಗಿ ಎರಡು: ವಾಸಿಯಾದವರ ಪುರಾವೆ ಎಲ್ಲಿ, ಬಂದ ಕಾಣಿಕೆ ಎಲ್ಲಿ.

ಬೆಂಗಳೂರಿನ ಜಗಳದಲ್ಲಿ ಈ ಎರಡು ಪ್ರಶ್ನೆಗಳಿಗೂ ಸಿಕ್ಕ ಜಾಗ ಸಣ್ಣದು. ಮತಾಂತರವೇ ಎಲ್ಲದರ ಮೇಲೆ ಕೂತಿತು. ವಿರೋಧಿಸಿದವರಿಗೆ ರೋಗಿಗಿಂತ ರೋಗಿಯ ಮತ ಮುಖ್ಯವಾಯಿತು. ಬೆಂಬಲಿಸಿದವರು ಸಂವಿಧಾನದ 25ನೇ ವಿಧಿಯನ್ನು ಮುಂದಿಟ್ಟರು. ಆ ವಿಧಿ ಯಾವುದೇ ಮತವನ್ನು ಪಾಲಿಸುವ ಮತ್ತು ಪ್ರಚಾರ ಮಾಡುವ ಹಕ್ಕನ್ನು ಕೊಟ್ಟಿದೆ. ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದು 1977ರಲ್ಲಿ ಸ್ಟಾನಿಸ್ಲಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎರಡೂ ಕಡೆಯವರು ತಮಗೆ ಬೇಕಾದ ಅರ್ಧವನ್ನು ಮಾತ್ರ ಓದಿಕೊಂಡರು.

ಬಂದವರ ಸಂಖ್ಯೆಯ ಲೆಕ್ಕವನ್ನೂ ನೋಡಬೇಕು. ಭಾರತದ ಒಂದು ಕೂಟದ ಮೂರು ಸಭೆಗಳಿಗೆ 73 ಲಕ್ಷ ಜನ ಬಂದಿದ್ದರು ಎಂದು ಹಿನ್ ಅವರ ಸಂಸ್ಥೆ ಹೇಳಿಕೊಂಡಿದೆ. 2001ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಒಟ್ಟು ಜನಸಂಖ್ಯೆಯೇ ಸುಮಾರು 65 ಲಕ್ಷ. ಜಕ್ಕೂರು ಮೈದಾನ 200 ಎಕರೆಯ ಆಸುಪಾಸಿನದು. ಆ ಕೂಟ ಇಲ್ಲಿಯದೇ ಎಂದುಕೊಂಡು 73 ಲಕ್ಷವನ್ನು ಮೂರು ದಿನಕ್ಕೆ ಹಂಚಿದರೆ ದಿನಕ್ಕೆ 24 ಲಕ್ಷ, ಅಂದರೆ ಎಕರೆಗೆ 12 ಸಾವಿರ ಜನ, ಅದೂ ಓಡುದಾರಿ, ಕಟ್ಟಡ, ವೇದಿಕೆ ಎಲ್ಲದರ ಮೇಲೂ ಜನ ನಿಂತರೆ. ರಾಗಿ ಬೆಳೆದ ಹೊಲದ ಅಳತೆ ಗೊತ್ತಿರುವ ಯಾರಿಗಾದರೂ ಈ ಲೆಕ್ಕ ಒಪ್ಪುವುದು ಕಷ್ಟ. ಕೂಟ ದೊಡ್ಡದಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಬಂದವರ ತಲೆ ಎಣಿಸುವಾಗಲೇ ಇಷ್ಟು ಹಿಗ್ಗಿಸುವವರು ವಾಸಿಯಾದವರನ್ನು ಹೇಗೆ ಎಣಿಸಿಯಾರು ಎಂಬ ಅನುಮಾನ ಮಾತ್ರ ಏಳುತ್ತದೆ.

ಕ್ರೈಸ್ತ ಸಭೆಗಳೆಲ್ಲ ಇಂಥ ಕೂಟದ ಹಿಂದೆ ನಿಲ್ಲುತ್ತವೆ ಎಂಬುದೂ ತಪ್ಪು ತಿಳಿವಳಿಕೆ. 2000ದ ಸೆಪ್ಟೆಂಬರ್ 14ರಂದು ವ್ಯಾಟಿಕನ್ ಸ್ವಸ್ಥತಾ ಪ್ರಾರ್ಥನೆಗಳ ಬಗ್ಗೆ ಒಂದು ಸೂಚನೆ ಹೊರಡಿಸಿತು. ಸಹಿ ಹಾಕಿದವರು ಮುಂದೆ ಪೋಪ್ ಆದ ಕಾರ್ಡಿನಲ್ ರಾಟ್ಸಿಂಗರ್. ರೋಗಿಗಾಗಿ ಪ್ರಾರ್ಥಿಸುವುದನ್ನು ಅದು ಒಪ್ಪುತ್ತದೆ. ಉನ್ಮಾದ, ನಾಟಕೀಯತೆ, ರೋಚಕತೆ ಕೂಡದು ಎನ್ನುತ್ತದೆ. ಫ್ರಾನ್ಸಿನ ಲೂರ್ದ್ ಕ್ಷೇತ್ರದ ಕ್ರಮ ಇನ್ನೂ ಬಿಗಿ. ಅಲ್ಲಿ 1883ರಿಂದ ವೈದ್ಯರ ಕಚೇರಿಯೊಂದಿದೆ. ವಾಸಿಯಾಯಿತು ಎಂದವರ ಹಳೆಯ ವೈದ್ಯಕೀಯ ಕಾಗದಗಳನ್ನು ನೋಡುತ್ತಾರೆ, ವರ್ಷಗಟ್ಟಲೆ ಕಾಯುತ್ತಾರೆ, ಕಾಯಿಲೆ ಮರುಕಳಿಸಿತೇ ಎಂದು ಪರೀಕ್ಷಿಸುತ್ತಾರೆ. ಸುಮಾರು 7 ಸಾವಿರ ಜನ ತಮಗೆ ಗುಣವಾಯಿತೆಂದು ಅಲ್ಲಿ ಹೇಳಿಕೊಂಡಿದ್ದರೆ, 2018ರವರೆಗೆ ಚರ್ಚು ಪವಾಡವೆಂದು ಒಪ್ಪಿದ್ದು 70 ಮಾತ್ರ. ಆ 70ನ್ನೂ ನಂಬದವರಿದ್ದಾರೆ, ಇರಲಿ. ಮೈದಾನದಲ್ಲಿ ಅರ್ಧ ನಿಮಿಷದಲ್ಲಿ ಮುಗಿಯುವ ತೀರ್ಪಿಗೂ ಇದಕ್ಕೂ ಇರುವ ದೂರ ಸಣ್ಣದಲ್ಲ.

ಕರ್ನಾಟಕಕ್ಕೆ ಪವಾಡ ಪರೀಕ್ಷೆಯ ತನ್ನದೇ ಪರಂಪರೆಯೂ ಇದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸುವ ಸಮಿತಿ ರಚಿಸಿದರು. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದು ಪರೀಕ್ಷೆಗೆ ಒಪ್ಪಬೇಕೆಂದು ಕೇಳಿದರು, ಉತ್ತರ ಬರಲಿಲ್ಲ. ಮಂಡ್ಯ ಜಿಲ್ಲೆಯ ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುತ್ತಾನೆ ಎಂದು ಹೆಸರಾಗಿದ್ದ ಬಾಲಕನೊಬ್ಬನನ್ನು ಸಮಿತಿ ನೋಡಿತು. ವಿಭೂತಿ ಅವನ ಅಂಗಿಯೊಳಗೇ ಇತ್ತು. ಅದೇ 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. ಖಾದಿ ಜುಬ್ಬಾ, ಗಾಂಧಿ ಟೋಪಿಯ ಈ ಮೇಷ್ಟ್ರು ಕೇಳಿದ್ದು ಯಾವ ಮತದವನೆಂದಲ್ಲ, ಪುರಾವೆ ಏನೆಂದು. ಜಕ್ಕೂರಿನ ಕೂಟಕ್ಕೆ ಬೇಕಾಗಿದ್ದದ್ದೂ ಅದೇ ಪ್ರಶ್ನೆ. ಆದರೆ ಆ ಹೊತ್ತಿಗೆ ನರಸಿಂಹಯ್ಯನವರಿಗೆ 84 ವರ್ಷ. ಕೂಟ ಮುಗಿದ ಎಂಟನೆಯ ದಿನ, 2005ರ ಜನವರಿ 31ರಂದು, ಅವರು ತೀರಿಕೊಂಡರು.

ಪ್ರಾರ್ಥನೆಯನ್ನು ಔಷಧದಂತೆ ತೂಗಿ ನೋಡುವ ಯತ್ನವೂ ನಡೆದಿದೆ. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಾದ 1,802 ರೋಗಿಗಳ ಮೇಲೆ ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ದೂರದಲ್ಲಿ ಯಾರೋ ಪ್ರಾರ್ಥಿಸಿದ್ದರಿಂದ ರೋಗಿಗಳಿಗೆ ಹೆಚ್ಚಿನ ಗುಣ ಕಾಣಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ತಿಳಿದಿದ್ದವರಲ್ಲಿ ಶೇಕಡಾ 59 ಜನರಿಗೆ ತೊಡಕುಗಳಾದವು, ತಿಳಿಯದವರಲ್ಲಿ ಅದು ಕಡಿಮೆ. ಇದರಿಂದ ಪ್ರಾರ್ಥನೆ ಕೆಡುಕೆಂದು ಹೇಳಲು ಬರುವುದಿಲ್ಲ. ಹಾಸಿಗೆಯ ಪಕ್ಕ ಕೂತು ಕೈ ಹಿಡಿದು ಪ್ರಾರ್ಥಿಸುವವರಿಂದ ರೋಗಿಗೆ ಸಿಗುವ ನೆಮ್ಮದಿ ಈ ತಕ್ಕಡಿಗೆ ಸಿಗುವ ಪದಾರ್ಥವಲ್ಲ.

ದುಡ್ಡಿನ ಪ್ರಶ್ನೆ ಅಮೆರಿಕದಲ್ಲೇ ಎದ್ದಿತು. ಕೊಟ್ಟ ಕಾಣಿಕೆ ಬಿತ್ತಿದ ಬೀಜದಂತೆ, ದೇವರು ಅದನ್ನು ನೂರ್ಮಡಿ ಮಾಡಿ ಕೊಡುತ್ತಾನೆ ಎಂಬ ಬೋಧನೆಗೆ ಅಲ್ಲಿ ಸಮೃದ್ಧಿಯ ಸುವಾರ್ತೆ ಎಂದು ಹೆಸರು. ಖಾಸಗಿ ವಿಮಾನ, ಬಂಗಲೆಗಳ ಸುದ್ದಿ ಬಂದ ಮೇಲೆ 2007ರಲ್ಲಿ ಸೆನೆಟರ್ ಚಕ್ ಗ್ರಾಸ್ಲಿ ಹಿನ್ ಅವರದೂ ಸೇರಿ ಆರು ಸಂಸ್ಥೆಗಳ ಲೆಕ್ಕ ಕೇಳಿದರು. 2011ರಲ್ಲಿ ವಿಚಾರಣೆ ಯಾರಿಗೂ ದಂಡವಿಲ್ಲದೆ ಮುಗಿಯಿತು. 2019ರಲ್ಲಿ ಹಿನ್ ಅವರ ಅಣ್ಣತಮ್ಮಂದಿರಲ್ಲೊಬ್ಬರ ಮಗ ಕಾಸ್ಟಿ ಹಿನ್ ಈ ಬೋಧನೆಯನ್ನು ಖಂಡಿಸಿ ಪುಸ್ತಕವನ್ನೇ ಬರೆದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೆನ್ನಿ ಹಿನ್ ತಾವೂ ಟೆಲಿವಿಷನ್ನಿನಲ್ಲಿ ಮಾತಾಡಿ, ಸುವಾರ್ತೆಗೆ ಬೆಲೆ ಕಟ್ಟಿ ಸಾವಿರ ಡಾಲರ್ ಬಿತ್ತಿ ಎಂದು ಇನ್ನು ಕೇಳುವುದಿಲ್ಲ ಎಂದರು.

ಜಕ್ಕೂರಿನ ನಂತರ ಕರ್ನಾಟಕದಲ್ಲಿ ಇಂಥ ಜಗಳಗಳು ಬೇರೆ ಬೇರೆ ರೂಪದಲ್ಲಿ ಬಂದವು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತಿತರ ಕಡೆ ಚರ್ಚುಗಳು, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದವು, ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರಲ್ಲಿ ವರದಿ ಕೊಟ್ಟಿತು. ಕನಕಪುರ ತಾಲೂಕಿನ ಹಾರೋಬೆಲೆಯಲ್ಲಿ, ಕಪಾಲಬೆಟ್ಟದ ಮೇಲೆ, 114 ಅಡಿಯ ಯೇಸು ಪ್ರತಿಮೆಗೆ 2019ರ ಕ್ರಿಸ್ಮಸ್ ದಿನ ಕಾಂಗ್ರೆಸ್ ನಾಯಕ ಡಿ.ಕೆ. ಶಿವಕುಮಾರ್ ಶಂಕುಸ್ಥಾಪನೆ ಮಾಡಿದಾಗ ವಿವಾದ ಎದ್ದಿತು. ಮರುತಿಂಗಳು ಅದನ್ನು ವಿರೋಧಿಸಿ ‘ಕನಕಪುರ ಚಲೋ’ ನಡೆಯಿತು. ಅಲ್ಲಿ ರೋಗದ ಮಾತಿರಲಿಲ್ಲ, ಬೆಟ್ಟದ ಮಾತಿತ್ತು. 2022ರ ಮತಾಂತರ ನಿಷೇಧ ಕಾಯ್ದೆಯ ‘ಆಮಿಷ’ ಎಂಬ ಪದದ ವ್ಯಾಪ್ತಿ ಎಷ್ಟು ಅಗಲವಾಗಿತ್ತೆಂದರೆ, ಸ್ವಸ್ಥತಾ ಪ್ರಾರ್ಥನೆಯನ್ನೂ ಅದರೊಳಗೆ ತರಬಹುದೆಂಬ ಅಂಜಿಕೆ ಸಭಾಪಾಲಕರಲ್ಲಿ ಹುಟ್ಟಿತು. ಆ ಕಾಯ್ದೆಯನ್ನು ಹಿಂತೆಗೆಯಲು ಮುಂದಿನ ಸರ್ಕಾರದ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು.

ರೋಗಿಯ ಕಡೆಯಿಂದ ನೋಡಿದರೆ ಮತಾಂತರದ ಕಾಯ್ದೆಗಿಂತ ಮುಖ್ಯವಾದವು ಬೇರೆ ಎರಡು. ಒಂದು 1954ರ ಕೇಂದ್ರ ಕಾಯ್ದೆ, ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳದು. ತಾಯತ, ಮಂತ್ರ, ಕವಚಗಳಿಗೆ ಪವಾಡಶಕ್ತಿ ಇದೆಯೆಂದು ಹೇಳಿ ಕ್ಯಾನ್ಸರ್, ಸಕ್ಕರೆ ಕಾಯಿಲೆ, ಮೂರ್ಛೆರೋಗ, ಲಕ್ವ, ಕುರುಡು, ಕಿವುಡುಗಳನ್ನು ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು ಅದು ತಡೆಯುತ್ತದೆ. ಅದರ ಪಟ್ಟಿಯಲ್ಲಿ 54 ರೋಗಗಳಿವೆ. ಗೋಡೆಬರಹಗಳನ್ನೂ ಬಸ್ ನಿಲ್ದಾಣದ ಭಿತ್ತಿಪತ್ರಗಳನ್ನೂ ನೋಡಿದರೆ ಇಂಥ ಕಾಯ್ದೆಯೊಂದಿದೆ ಎಂದು ಯಾರೂ ನಂಬುವುದಿಲ್ಲ, ಅದು ಎಲ್ಲ ಮತದ ಗೋಡೆಗೂ ಸಲ್ಲುವ ಮಾತು. ಎರಡನೆಯದು ಅಮಾನವೀಯ ಅನಿಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ ಕರ್ನಾಟಕದ 2017ರ ಕಾಯ್ದೆ, 2020ರ ಜನವರಿಯಲ್ಲಿ ಜಾರಿಗೆ ಬಂದದ್ದು. ಮನೆ, ದೇವಾಲಯ, ದರ್ಗಾ, ಚರ್ಚುಗಳಲ್ಲಿ ನಡೆಯುವ ಪ್ರಾರ್ಥನೆ, ಉಪಾಸನೆಗಳನ್ನು ಅದು ಮುಟ್ಟುವುದಿಲ್ಲ. ಆದರೆ ನಾಯಿ, ಹಾವು, ಚೇಳು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದನ್ನು, ದಾರ ಕಟ್ಟುವುದನ್ನು ಅಪರಾಧ ಎನ್ನುತ್ತದೆ.

ಚನ್ನಪಟ್ಟಣ, ಕನಕಪುರದ ಸೀಮೆಯ ರೇಷ್ಮೆ ಹೊಲ, ಮಾವಿನ ತೋಪುಗಳಲ್ಲಿ ಕೆಲಸ ಮಾಡುವವರಿಗೆ ಹಾವಿನ ಭಯ ಯಾವಾಗಲೂ ಇದ್ದದ್ದೇ. ಹಾವಿನ ವಿಷಕ್ಕೆ ಮದ್ದು ಪ್ರತಿವಿಷದ ಸೂಜಿಮದ್ದು ಒಂದೇ, ಅದು ಸಿಗುವುದು ಆಸ್ಪತ್ರೆಯಲ್ಲಿ. ಕಚ್ಚಿಸಿಕೊಂಡವರನ್ನು ತಡಮಾಡದೆ ಅಲ್ಲಿಗೆ ಸೇರಿಸಿ. ಯಾರ ಹೆಸರಿನ ಪ್ರಾರ್ಥನೆಯಾದರೂ ಸರಿ, ಅದನ್ನು ಗಾಡಿಯಲ್ಲಿ ಕೂತು ದಾರಿಯುದ್ದಕ್ಕೂ ಮಾಡಬಹುದು.